ಸಮುದ್ರದ ನೀರಿಗೊಂದು ಬಾಣಂತನ

ಬಾಣಂತಿಗೆ ಗಾಳಿ ಸೋಕಬಾರದು ಅಂತ ಕಿವಿಗೆ ಹತ್ತಿ ತುರುಕಿ, ತಲೆಗೆ ಸ್ಕಾರ್ಫ್ ಸುತ್ತಿ, ಕಿಟಕಿ ಜಡಿದು ಕೂರಿಸುವ ಅಜ್ಜಿಯರು ಬೆಂಗಳೂರಿನಲ್ಲಿ ಇನ್ನೂ ಇದ್ದಾರೆ. ಕಡಲು ಎಷ್ಟು ಆಮ್ಲೀಯವಾಗುತ್ತಿದೆ ಅಂತ ಅಳೆಯಲು ಹೊರಟ ಹಡಗಿಗೆ ಮೊದಲು ಹತ್ತಿಸಬೇಕಾದದ್ದು ಅವರನ್ನೇ. ಎಂಎಸ್ಸಿ ಮುಗಿಸಿದವರಿಗೆ ಮೂರು ದಿನ ಹೇಳಿಕೊಟ್ಟರೂ ತಲೆಗೆ ಹೋಗದ ವಿಷಯ ಅವರಿಗೆ ಮೊದಲೇ ಗೊತ್ತು: ಗಾಳಿ ಸೋಕಿತೋ, ಕೆಟ್ಟಿತು.

ಕಡಲಿಲ್ಲದ ಊರಿಗೆ ಕಡಲಿನ ಉಸಾಬರಿ ಯಾಕೆ ಅನ್ನಬೇಡಿ. ಇಲ್ಲಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ವಾಯುಮಂಡಲ ಮತ್ತು ಸಾಗರ ವಿಜ್ಞಾನಗಳ ಕೇಂದ್ರವೇ ಇದೆ. ಸಮುದ್ರಮಟ್ಟಕ್ಕಿಂತ 900 ಮೀಟರ್ ಮೇಲೆ ಕೂತು ಸಮುದ್ರದ ಚಿಂತೆ ಮಾಡುವುದು ಈ ಊರಿಗೆ ಹೊಸದಲ್ಲ.

ಗಾಳಿಯಲ್ಲಿ ಹೆಚ್ಚಾದ ಕಾರ್ಬನ್ ಡೈಆಕ್ಸೈಡನ್ನು ಕಡಲು ಹೀರಿಕೊಳ್ಳುತ್ತದೆ, ನೀರು ನಿಧಾನಕ್ಕೆ ಸೋಡಾದ ದಾರಿ ಹಿಡಿಯುತ್ತದೆ. ಕೈಗಾರಿಕಾ ಕ್ರಾಂತಿಯಿಂದೀಚೆಗೆ ಮೇಲ್ಪದರದ ಪಿಎಚ್ (ಈ ಅಂಕಿ ಇಳಿದಷ್ಟೂ ನೀರು ಆಮ್ಲದ ಕಡೆಗೆ) ಸುಮಾರು 8.2ರಿಂದ 8.1ಕ್ಕೆ ಇಳಿದಿದೆ. ಇಷ್ಟೇನಾ? ಲಾಗರಿದಮ್ ಲೆಕ್ಕದಲ್ಲಿ ಈ 0.1 ಅಂದರೆ ಆಮ್ಲೀಯತೆ ತರುವ ಹೈಡ್ರೋಜನ್ ಅಯಾನು ಕಾಲುಭಾಗಕ್ಕೂ ಮಿಕ್ಕಿ ಏರಿದೆ ಅಂತ. ನೀರು ಈಗಲೂ ಕ್ಷಾರೀಯವೇ, ಇಳಿದರೆ ಕಾಲೇನೂ ಸುಡುವುದಿಲ್ಲ. ಆದರೆ ಮರುವಾಯಿ ಚಿಪ್ಪು ಕಟ್ಟಿಕೊಳ್ಳಲು ಬೇಕಾದ ಕಾರ್ಬೊನೇಟ್ ಕಮ್ಮಿಯಾಗುತ್ತದೆ. ಮರುವಾಯಿ ಸುಕ್ಕ ತಿನ್ನುವವರಾದರೂ ಗಾಬರಿಯಾಗಬೇಕು.

ಅಕ್ವೇರಿಯಂ ಅಂಗಡಿಯಲ್ಲಿ ಸಿಗುವ ಪೆನ್ನಿನಂಥ ಮೀಟರ್ ಇಲ್ಲಿ ಕೆಲಸಕ್ಕೆ ಬಾರದು. ಅದರ ಅಂಕಿ 0.1ರಷ್ಟು ಅತ್ತಿತ್ತ ಆಗುವುದು ಮಾಮೂಲು. ಇನ್ನೂರೈವತ್ತು ವರ್ಷದ ಹೊಗೆಯೆಲ್ಲ ಅದರ ಒಂದು ಮಿಣುಕಿನಲ್ಲಿ ಮುಗಿದುಹೋಗುತ್ತದೆ. ಸಾಲದ್ದಕ್ಕೆ ಅದನ್ನು ಹೊಂದಿಸುವ ಬಫರ್‌ಗಳಲ್ಲಿ, ಅಂದರೆ ಪಿಎಚ್ 4, 7, 10 ಅಂತ ಮೊದಲೇ ಗೊತ್ತಿರುವ ದ್ರಾವಣಗಳಲ್ಲಿ, ಉಪ್ಪು ತೀರಾ ಕಮ್ಮಿ; ಕಿಲೋಗೆ 35 ಗ್ರಾಂ ಉಪ್ಪಿರುವ ನೀರಿಗೆ ಅದ್ದಿದರೆ ಎಲೆಕ್ಟ್ರೋಡ್ ದಾರಿ ತಪ್ಪುತ್ತದೆ.

ಹಡಗಿನಲ್ಲಿ ಆಳದ ನೀರು ಹಿಡಿಯುವ ನಿಸ್ಕಿನ್ ಬಾಟಲಿಗಳು ಉಕ್ಕಿನ ಚೌಕಟ್ಟಿಗೆ ಸುತ್ತಲೂ ಕಟ್ಟಿಕೊಂಡು, ಎರಡೂ ಬಾಯಿ ತೆರೆದು ಇಳಿಯುತ್ತವೆ. ಬೇಕಾದ ಆಳದಲ್ಲಿ ಕೊಕ್ಕೆ ಬಿಟ್ಟರೆ ಮುಚ್ಚಳ ಬಡಿದು ಮುಚ್ಚಿಕೊಳ್ಳುತ್ತದೆ. ಮುಚ್ಚಳದ ದಾರ ಎಲ್ಲೋ ಸಿಕ್ಕಿಕೊಂಡರೆ ಬಾಟಲಿ ಬಾಯಿ ಬಿಟ್ಟುಕೊಂಡೇ ಮೇಲೆ ಬರುತ್ತದೆ. ಬಂದ ಮೇಲೆ ಒಂದು ಪರೀಕ್ಷೆ ಇದೆ: ಮೇಲಿನ ಗಾಳಿ ಸ್ಕ್ರೂ ಮುಚ್ಚಿದ್ದು, ಕೆಳಗಿನ ನಲ್ಲಿ ಮಾತ್ರ ತೆಗೆಯಬೇಕು. ಸ್ಟ್ರಾ ತುದಿಗೆ ಬೆರಳಿಟ್ಟರೆ ಎಳನೀರು ಬೀಳುವುದಿಲ್ಲವಲ್ಲ, ಹಾಗೆ ನೀರು ನಿಲ್ಲಬೇಕು. ಸುರಿಯಿತೋ, ಮುಚ್ಚಳದ ರಬ್ಬರ್ ಉಂಗುರ (ಓ-ರಿಂಗ್) ಸೋರಿದೆ. ಒಳಗಿರುವುದು ಯಾವ ಆಳದ ನೀರೋ ದೇವರೇ ಬಲ್ಲ.

ನೀರು ಹಿಡಿಯಲೂ ಪಂಕ್ತಿ ಇದೆ. ಆಮ್ಲಜನಕ ಅಳೆಯುವವರು ಮೊದಲು, ಕಾರ್ಬನ್‌ನವರು ಅವರ ಹಿಂದೆ, ನೈಟ್ರೇಟ್ ಫಾಸ್ಫೇಟ್‌ನವರು ಆಮೇಲೆ, ಲವಣಾಂಶದವರು ಕಟ್ಟಕಡೆಗೆ. ನಮ್ಮ ಬಾಳೆಲೆಗೆ ಉಪ್ಪು ಮೊದಲು, ಇಲ್ಲಿ ಉಪ್ಪು ಕೊನೆಗೆ. ಗಾಳಿಗೆ ಬೇಗ ಕೆಡುವುದು ಮೊದಲು ಎಂಬುದೇ ನಿಯಮ. ನಡುವೆ ನುಗ್ಗುವವರು ಹಡಗಿನಲ್ಲೂ ಇರುತ್ತಾರೆ.

ನಿಜವಾದ ಫಜೀತಿ ಇರುವುದು ನೀರು ತುಂಬುವಲ್ಲಿ. ಬೆಂಗಳೂರಿನ ಕೈ ಕಾಫಿಗೆ ನೊರೆ ಬರಿಸಿ ಪಳಗಿದ್ದು, ಮೊಳ ಎತ್ತರದಿಂದ ಸುರಿಯದಿದ್ದರೆ ಅದಕ್ಕೆ ಸಮಾಧಾನವಿಲ್ಲ. ಇಲ್ಲಿ ಒಂದು ಗುಳ್ಳೆ ಎದ್ದರೂ ಬಾಟಲಿ ಚೆಲ್ಲಿ ಮತ್ತೆ ಶುರು. ನಲ್ಲಿಗೆ ಸಿಲಿಕೋನ್ ಟ್ಯೂಬು ಸಿಕ್ಕಿಸಿ, ಬೆರಳಲ್ಲಿ ತಟ್ಟಿ ಅದರೊಳಗಿನ ಗುಳ್ಳೆ ಓಡಿಸಿ, ತುದಿಯನ್ನು 250 ಮಿಲಿ ಗಾಜಿನ ಬಾಟಲಿಯ ತಳಕ್ಕೆ ಮುಟ್ಟಿಸಬೇಕು. ಎರಡು ಸಲ ಗಲಬರಿಸಿ, ನಿಧಾನಕ್ಕೆ ತುಂಬಿಸಿ, ತುಂಬಲು ಎಷ್ಟು ಸೆಕೆಂಡು ಹಿಡಿಯಿತೋ ಅಷ್ಟೇ ಹೊತ್ತು ಉಕ್ಕಿ ಹರಿಯಲು ಬಿಡಬೇಕು. ನೀರು ದಂಡ ಅಂತ ಕರುಳು ಚುರ್ರೆನ್ನುತ್ತದೆ, ಟ್ಯಾಂಕರ್‌ಗೆ ದುಡ್ಡು ಕೊಟ್ಟವರಲ್ಲವೇ! ಮೇಲಿನ ಕಸ ಉಫ್ ಅಂತ ಊದಿ ಹಾರಿಸುವ ಅಭ್ಯಾಸವಂತೂ ಬಿಡಲೇಬೇಕು. ನಮ್ಮ ಉಸಿರಿನಲ್ಲಿ ಕಾರ್ಬನ್ ಡೈಆಕ್ಸೈಡ್ ಶೇ. 4ರಷ್ಟು, ಅಂದರೆ ಹೊರಗಿನ ಗಾಳಿಗಿಂತ ಸುಮಾರು ನೂರು ಪಟ್ಟು.

ಆಮೇಲೆ ಪಿಪೆಟ್ಟಿನಲ್ಲಿ ಎರಡೂವರೆ ಮಿಲಿ ನೀರು ತೆಗೆದು ಜಾಗ ಬಿಡಬೇಕು. ಬಿಡದಿದ್ದರೆ ನೀರು ಬೆಚ್ಚಗಾಗಿ ಹಿಗ್ಗಿದಾಗ ಬಿರಡೆ ಏಳುತ್ತದೆ, ಇಲ್ಲವೇ ಗಾಜು ಬಿರಿಯುತ್ತದೆ. ಅದಕ್ಕೆ 50 ಮೈಕ್ರೋಲೀಟರ್ ಪರ್ಯಾಪ್ತ ಮರ್ಕ್ಯುರಿಕ್ ಕ್ಲೋರೈಡ್, ಅಂದರೆ ಪಾದರಸದ ಲವಣದ ದ್ರಾವಣ. ಘೋರ ವಿಷ, ಗ್ಲೌಸ್ ಹಾಕಿಯೇ ಮುಟ್ಟಬೇಕು. ಯಾಕೆ ಅಂದರೆ ದೋಸೆ ಹಿಟ್ಟು ನೆನೆಸಿಕೊಳ್ಳಿ: ರಾತ್ರಿ ಮುಚ್ಚಿಟ್ಟರೆ ಬೆಳಿಗ್ಗೆ ಪಾತ್ರೆಯಿಂದ ಹೊರಗೆ. ಕಡಲಿನ ಸೂಕ್ಷ್ಮಜೀವಿಗಳೂ ಬಾಟಲಿಯೊಳಗೆ ಉಸಿರಾಡುತ್ತಲೇ ಇರುತ್ತವೆ. ವಿಷ ಹಾಕದಿದ್ದರೆ ಕಡಲಿನ ಕಾರ್ಬನ್ ಬದಲು ಅವುಗಳ ಉಸಿರನ್ನು ಅಳೆದಂತಾಗುತ್ತದೆ. ಕೊನೆಗೆ ಬಿರಡೆಗೆ ಗ್ರೀಸ್ ಗೆರೆ ಎಳೆದು, ಒತ್ತಿ ತಿರುವಿ, ಮೇಲೊಂದು ರಬ್ಬರ್ ಬ್ಯಾಂಡು. ಶಿರಾಡಿ ಘಾಟಿ ಹತ್ತುವಾಗ ಚಿಪ್ಸ್ ಪ್ಯಾಕೆಟ್ ಉಬ್ಬುತ್ತದಲ್ಲ, ಆ ಬಿರಡೆಗೂ ಅದೇ ಚಪಲ. ಬೆಂಗಳೂರಿನಲ್ಲಿ ಗಾಳಿಯ ಒತ್ತಡ ಕರಾವಳಿಗಿಂತ ಹತ್ತನೇ ಒಂದು ಭಾಗ ಕಮ್ಮಿ. ರಬ್ಬರ್ ಬ್ಯಾಂಡು ಸಡಿಲವಾದರೆ ಇಷ್ಟು ಬಾಣಂತನವೂ ಹೊಳೆಯಲ್ಲಿ ಹುಣಸೆಹಣ್ಣು.

ಲ್ಯಾಬಿನಲ್ಲಿ ಪಿಎಚ್‌ಗೆ ತಕ್ಕಂತೆ ಬಣ್ಣ ಬದಲಿಸುವ ಎಂ-ಕ್ರೆಸಾಲ್ ಪರ್ಪಲ್ ಬೆರೆಸಿ, 434 ಮತ್ತು 578 ನ್ಯಾನೋಮೀಟರ್ ಬೆಳಕಿನಲ್ಲಿ ಪಿಎಚ್ ನೋಡುತ್ತಾರೆ, ಅದೂ ಸರಿಯಾಗಿ 25 ಡಿಗ್ರಿಯಲ್ಲಿ. ನೀರು ಒಂದು ಡಿಗ್ರಿ ಬೆಚ್ಚಗಾದರೆ ಪಿಎಚ್ ಸುಮಾರು 0.016 ಇಳಿಯುತ್ತದೆ. ಏಪ್ರಿಲ್ ಮಧ್ಯಾಹ್ನ ಕರೆಂಟು ಹೋಗಿ ನೀರು 31ಕ್ಕೆ ಏರಿತು ಅಂದುಕೊಳ್ಳಿ: ಆರು ಡಿಗ್ರಿಗೆ ಹೆಚ್ಚುಕಡಿಮೆ 0.1. ಕೈಗಾರಿಕಾ ಕ್ರಾಂತಿಗೆ ಇನ್ನೂರೈವತ್ತು ವರ್ಷ ಹಿಡಿದದ್ದು ಒಂದು ಪವರ್ ಕಟ್ಟಿಗೆ ಅರ್ಧ ದಿನದ ಕೆಲಸ. ಕಾರ್ಬನ್ ಮತ್ತು ಕ್ಷಾರತೆಯ ಲೆಕ್ಕ ಸರಿಯೋ ಎಂದು ನೋಡಲು ಅಮೆರಿಕದ ಸ್ಕ್ರಿಪ್ಸ್ ಸಂಸ್ಥೆಯ ಪ್ರಮಾಣಿತ ನೀರು ಇರುತ್ತದೆ. ದೇವರ ಮನೆಯ ಕಾಶಿ ಗಂಗೆಯ ಗಿಂಡಿಯಷ್ಟೇ ಭಕ್ತಿಯಿಂದ ಇಡುತ್ತಾರೆ; ಬಾಟಲಿ ತೆರೆದ ಮೇಲೆ ನಾಳೆಗೆ ಉಳಿಸುವಂತಿಲ್ಲ.

ಇಷ್ಟೆಲ್ಲ ಸರಿಯಾದರೂ ಗ್ರೀಸ್ ಕೈಯಲ್ಲಿ ಮುಟ್ಟಿ ಬಾಟಲಿಯ ನಂಬರ್ ಅಳಿಸಿ, ನೆನಪಿನಿಂದ ಮತ್ತೆ ಬರೆಯುವುದುಂಟು. ಪೆಟ್ಟಿಗೆ ತೆಗೆದರೆ ಎರಡು ಬಾಟಲಿಗಳೂ 17. ಒಂದು 5 ಮೀಟರಿನದು, ಇನ್ನೊಂದು 50ರದು. ಮಳೆಗಾಲದ್ದಾದರೆ ಬಚಾವ್: ಆಗ ನಮ್ಮ ಕರಾವಳಿಯಲ್ಲಿ ಆಳದ ತಣ್ಣನೆಯ, ಕಾರ್ಬನ್ ಹೆಚ್ಚಿರುವ ನೀರು ಮೇಲ್ಮುಖವಾಗಿ ಬರುತ್ತದೆ, ಪಿಎಚ್ ಕಮ್ಮಿ ಇರುವುದೇ 50ರದು ಅಂತ ಗುಮಾನಿಯಾದರೂ ಪಡಬಹುದು. ಜನವರಿಯದ್ದಾದರೆ ಮೇಲೂ ಕೆಳಗೂ ಕಲೆತ ನೀರು, ಎರಡಕ್ಕೂ ಒಂದೇ ಮುಖ. ಎರಡನ್ನೂ ಪಾದರಸದ ಕ್ಯಾನಿಗೆ ಸುರಿಯಬೇಕು. ಸಿಂಕಿಗಲ್ಲ, ಕ್ಯಾನಿಗೆ.