ಹನ್ನೆರಡರಿಂದ ನಾಲ್ಕರ ಶಿಫ್ಟ್

ವಿಸ್ಕಾನ್ಸಿನ್ ರಾಜ್ಯದಲ್ಲಿ ಮ್ಯಾನಿಟೋವಾಕ್ ಅಂತ ಒಂದು ಊರಿದೆ. ಮಿಷಿಗನ್ ಸರೋವರದ ದಂಡೆಯ ಮೇಲೆ. ಅಲ್ಲಿನ ವಾಲ್‌ಮಾರ್ಟ್‌ನಲ್ಲಿ ಡೌನ್ ಸಿಂಡ್ರೋಮ್ (ಹುಟ್ಟಿನಿಂದಲೇ ಇರುವ, ಕಲಿಕೆ ನಿಧಾನವಾಗುವ ಸ್ಥಿತಿ) ಇರುವ ಒಬ್ಬ ಮಹಿಳೆ ಸುಮಾರು 16 ವರ್ಷ ಕೆಲಸ ಮಾಡಿದರು. ಟವೆಲ್ ಮಡಿಸಿಡುವುದು, ಗಿರಾಕಿಗಳು ವಾಪಸ್ ಕೊಟ್ಟ ಸಾಮಾನನ್ನು ಅದರದರ ಜಾಗಕ್ಕೆ ಸೇರಿಸುವುದು, ಸಾಲುಗಳನ್ನು ಓರಣವಾಗಿಡುವುದು, ಇಂಥ ಕೆಲಸ. ಮಧ್ಯಾಹ್ನ 12ಕ್ಕೆ ಬಂದರೆ 4ಕ್ಕೆ ಮುಗಿಯುತ್ತಿತ್ತು. ಆಮೇಲೆ ಬಸ್ ಹತ್ತಿ ಮನೆಗೆ, ಹೊತ್ತಿಗೆ ಸರಿಯಾಗಿ ಊಟ. ಕೆಲಸ ಚೆನ್ನಾಗಿದೆ ಅಂತ ಮೇಲಿನವರೇ ಬರೆದಿದ್ದರು. ಸಂಬಳವೂ ಏರಿತ್ತು.

2014ರ ಕೊನೆಗೆ ಶಿಫ್ಟ್ ಹಾಕುವ ಕೆಲಸ ಕಂಪ್ಯೂಟರ್ ಪಾಲಾಯಿತು. ಯಾವ ಹೊತ್ತಿಗೆ ಗಿರಾಕಿ ಜಾಸ್ತಿಯೋ ಆ ಹೊತ್ತಿಗೆ ಜನ ಇರಬೇಕು ಅನ್ನೋ ಲೆಕ್ಕ. ಇವರ ಪಾಳಿ 1ರಿಂದ 5:30 ಆಯಿತು.

ನಮಗೆ ನಿಮಗೆ ಇದು ನಾಲ್ಕು ದಿನ ಗೊಣಗಿ ಒಗ್ಗಿಕೊಳ್ಳುವ ವಿಷಯ. ಅವರಿಗೆ ಆಗಲಿಲ್ಲ. ಬಸ್ ತಪ್ಪುತ್ತೆ, ಊಟ ತಪ್ಪುತ್ತೆ ಅನ್ನೋ ದಿಗಿಲು. ಮುಂಚೆಯೇ ಹೊರಟುಬಿಡುತ್ತಿದ್ದರು. ಕೆಲವು ದಿನ ಬರುತ್ತಲೂ ಇರಲಿಲ್ಲ. ಹಳೆಯ ಟೈಮೇ ಕೊಡಿ ಅಂತ ಅವರೂ ಕೇಳಿದರು, ಮನೆಯವರೂ ಕೇಳಿದರು. ಆಗ 24 ಗಂಟೆ ಬಾಗಿಲು ತೆರೆದಿರುತ್ತಿದ್ದ ಅಂಗಡಿ ಅದು, 300ಕ್ಕೂ ಹೆಚ್ಚು ಜನ ಕೆಲಸಕ್ಕಿದ್ದರು. ಆದರೂ ಒಬ್ಬರ ಒಂದೂವರೆ ಗಂಟೆ ಹಿಂದೆ ಸರಿಸಲು ಆಗಲಿಲ್ಲ. ಗೈರುಹಾಜರಿ ಜಾಸ್ತಿ ಅಂತ 2015ರ ಜುಲೈನಲ್ಲಿ ತೆಗೆದುಹಾಕಿದರು.

ಕೆಲಸದ ಜಾಗದ ತಾರತಮ್ಯ ನೋಡಿಕೊಳ್ಳುವ ಇಇಒಸಿ ಅನ್ನುವ ಕೇಂದ್ರ ಆಯೋಗ ಕೇಸು ಹಾಕಿತು. 2021ರ ಜುಲೈನಲ್ಲಿ ಗ್ರೀನ್ ಬೇ ಊರಿನ ಫೆಡರಲ್ ಕೋರ್ಟ್‌ನಲ್ಲಿ ಜ್ಯೂರಿ ಆಕೆಯ ಪರ ನಿಂತಿತು. ದಂಡ ಎಷ್ಟು ಗೊತ್ತಾ? 12.5 ಕೋಟಿ ಡಾಲರ್, ಜೊತೆಗೆ ಒಂದೂವರೆ ಲಕ್ಷ ಡಾಲರ್ ಪರಿಹಾರ. ಪೇಪರಿನವರೆಲ್ಲ ಆ ದೊಡ್ಡ ಮೊತ್ತವನ್ನೇ ಬರೆದರು. ಆದರೆ 1991ರ ಕಾಯ್ದೆ ಇಂಥ ಕೇಸಿಗೆ ಮಿತಿ ಹಾಕಿದೆ. ಎಷ್ಟೇ ದೊಡ್ಡ ಕಂಪನಿಯಾದರೂ 3 ಲಕ್ಷ ಡಾಲರ್‌ಗಿಂತ ಮೇಲೆ ಹೋಗುವಂತಿಲ್ಲ. ಜಡ್ಜ್ ಅಷ್ಟಕ್ಕೆ ಇಳಿಸಿದರು. ವಾಲ್‌ಮಾರ್ಟ್‌ಗೆ ಮೂರು ಲಕ್ಷ ಯಾವ ಲೆಕ್ಕ ಬಿಡಿ.

ಈ ಹಳೆಯ ಕೇಸನ್ನು ಈಗ ಎತ್ತಿದ್ದಕ್ಕೆ ಕಾರಣ ಇದೆ. ಕಳೆದ ವಾರದಿಂದ ನಮ್ಮ ಕನ್ನಡ ಗ್ರೂಪ್‌ಗಳಲ್ಲೆಲ್ಲ ಒಂದೇ ವಿಡಿಯೋ ಓಡಾಡುತ್ತಿದೆ. ಆಟಿಸಂ ಇರುವ ಹುಡುಗನಿಗೆ ಸೂಪರ್‌ಮಾರ್ಕೆಟ್‌ನಲ್ಲಿ ಕೆಲಸ ಸಿಕ್ಕಿದೆ, ಅಮ್ಮ ಅಳುತ್ತಿದ್ದಾರೆ, ಮ್ಯಾನೇಜರ್ ತಬ್ಬಿಕೊಂಡಿದ್ದಾನೆ, ಹಿಂದೆ ಪಿಯಾನೋ. ಕೆಳಗೆ ಕೈಮುಗಿದ ಇಮೋಜಿ ಸಾಲುಸಾಲು. ‘ಮಾನವೀಯತೆ ಇನ್ನೂ ಸತ್ತಿಲ್ಲ’ ಅಂತ ಎಲ್ಲರೂ ಬರೆದಿದ್ದಾರೆ. ಕೆಲಸ ಸಿಕ್ಕಿದ್ದು ಸಂತೋಷವೇ, ನನ್ನ ತಕರಾರಿಲ್ಲ. ಆದರೆ ಆ ಹುಡುಗ ಎರಡು ವರ್ಷ ಬಿಟ್ಟು ಅದೇ ಅಂಗಡಿಯಲ್ಲಿ ಇರುತ್ತಾನಾ? ಅದರ ವಿಡಿಯೋ ಯಾರೂ ಮಾಡುವುದಿಲ್ಲ. ಇಂಥವರಿಗೆ ಕೆಲಸ ಸಿಗುವುದು ದೊಡ್ಡ ಮನಸ್ಸಿನವರಿಂದ ಇರಬಹುದು. ಕೆಲಸ ಹೋಗುವುದು ಮಾತ್ರ ತೀರಾ ಸಣ್ಣ ಕಾರಣಗಳಿಂದ. ಒಂದು ಶಿಫ್ಟ್ ಬದಲಾವಣೆ. ಒಬ್ಬ ಹೊಸ ಮ್ಯಾನೇಜರ್. ಬ್ಯಾಂಕಿನಲ್ಲಿ ನೂರಿನ್ನೂರು ಡಾಲರ್ ಜಾಸ್ತಿ, ಅದನ್ನು ಮುಂದೆ ಹೇಳುತ್ತೇನೆ. ಹಾಗಾಗಿ ಅಂಗಡಿಯ ಒಳ್ಳೆಯತನವನ್ನು ನಾನು ಮೊದಲ ದಿನದ ಅಪ್ಪುಗೆಯಲ್ಲಿ ಅಳೆಯುವುದಿಲ್ಲ, ಡ್ಯೂಟಿ ಚಾರ್ಟಿನಲ್ಲಿ ಅಳೆಯುತ್ತೇನೆ.

ಷಿಕಾಗೋ ಹೊರವಲಯದಲ್ಲಿ ನಾವಿರುವ ಕಡೆ, ಮನೆ ಹತ್ತಿರದ ಅಂಗಡಿಯಲ್ಲೂ ಒಬ್ಬ ಬ್ಯಾಗರ್ ಇದ್ದಾನೆ. ಇಪ್ಪತ್ತೈದರ ಆಸುಪಾಸು. ಆಟಿಸಂ ಇದೆ ಅಂತ ಅವನೇ ಹೇಳಿಕೊಳ್ಳುತ್ತಾನೆ, ಮುಚ್ಚುಮರೆ ಇಲ್ಲ. ಬಿಲ್ ಆದ ಸಾಮಾನು ಬೆಲ್ಟ್ ಮೇಲೆ ಅವನ ಕಡೆ ಬರುತ್ತೆ. ಬಂದ ತಕ್ಷಣ ಬ್ಯಾಗಿಗೆ ತುರುಕುವುದಿಲ್ಲ. ಎರಡು ಕ್ಷಣ ಸುಮ್ನೆ ನೋಡುತ್ತಾನೆ. ಆಮೇಲೆ ಡಬ್ಬಿ ಬಾಟಲಿ ಅಡಿಗೆ. ಹಾಲು, ಮೊಸರು, ಫ್ರೀಜರ್ ಸಾಮಾನು ಒಂದೇ ಬ್ಯಾಗಿಗೆ. ಸೋಪು, ಫಿನಾಯಿಲ್ ಥರದ್ದು ತಿನ್ನುವ ಪದಾರ್ಥದ ಹತ್ತಿರ ಸುಳಿಯುವ ಹಾಗಿಲ್ಲ. ಕೊತ್ತಂಬರಿ ಸೊಪ್ಪು, ಬ್ರೆಡ್ಡು ಕೊನೆಗೆ, ಎಲ್ಲಕ್ಕಿಂತ ಮೇಲೆ. ಮೊಟ್ಟೆಯ ಡಬ್ಬಿ ತೆರೆದು ನೋಡದೆ ಕೊಡುವವನಲ್ಲ. ಒಂದೇ ಒಂದು ಬಿರುಕು ಬಿಟ್ಟಿದ್ದರೂ ಕೈ ಎತ್ತಿ ನಿಲ್ಲುತ್ತಾನೆ. ಬೇರೆ ಡಬ್ಬಿ ಬರುವ ತನಕ ಇಡೀ ಲೈನ್ ನಿಲ್ಲಬೇಕು. ಹಿಂದಿನವರು ಉಸ್ಸಪ್ಪಾ ಅಂತಾರೆ. ನಮ್ಮ ಮನೆಗೆ ಮಾತ್ರ ಒಡೆದ ಮೊಟ್ಟೆ ಬಂದಿದ್ದೇ ಇಲ್ಲ. ನಾನು ತಗೊಳ್ಳುವ ಹಸಿಮೆಣಸಿನಕಾಯಿಯ ರಾಶಿ ನೋಡಿ ‘ಸ್ಪೈಸಿ!’ ಅಂತ ಪ್ರತಿ ಸಲ ಅಷ್ಟೇ ಗಾಬರಿಯಿಂದ ಹೇಳುತ್ತಾನೆ.

ಅವನ ಸೊಂಟದ ಪಟ್ಟಿಗೆ ಲ್ಯಾಮಿನೇಟ್ ಮಾಡಿದ ಪುಟ್ಟ ಕಾರ್ಡುಗಳ ಗೊಂಚಲು ತೂಗಾಡುತ್ತಿರುತ್ತೆ. ಯಾವುದು ಕೆಳಗೆ, ಯಾವುದು ಮೇಲೆ, ಎಲ್ಲ ಚಿತ್ರದಲ್ಲಿ. ಒಂದು ಕಾರ್ಡಿನಲ್ಲಿ ಕೋಪಗೊಂಡ ಗಿರಾಕಿಯ ಮುಖ, ಪಕ್ಕದಲ್ಲಿ ಬಾಣದ ಗುರುತು, ಆಮೇಲೆ ಸೂಪರ್‌ವೈಸರ್ ಚಿತ್ರ. ಯಾರಾದರೂ ರೇಗಿದರೆ ವಾದ ಮಾಡಬೇಡ, ಅವರನ್ನು ಕರೆ ಅಂತ. ಇದನ್ನು ಮಾಡಿಕೊಟ್ಟವರು ಜಾಬ್ ಕೋಚ್. ಇಲ್ಲಿ ಇಂಥವರು ಕೆಲಸಕ್ಕೆ ಸೇರಿದಾಗ ಶುರುವಿನಲ್ಲಿ ಕೋಚ್ ಪಕ್ಕದಲ್ಲೇ ನಿಂತು ಕಲಿಸುತ್ತಾರೆ. ಮೊದಲು ಪೂರ್ತಿ ಶಿಫ್ಟ್, ಆಮೇಲೆ ಅರ್ಧ, ಆಮೇಲೆ ವಾರಕ್ಕೊಮ್ಮೆ ಬಂದು ಇಣುಕಿ ಹೋಗುವುದು. ಇದರ ಖರ್ಚನ್ನು ಸಾಮಾನ್ಯವಾಗಿ ರಾಜ್ಯದ ಪುನರ್ವಸತಿ ಇಲಾಖೆ ಕೊಡುತ್ತೆ, ಅಂಗಡಿಯಲ್ಲ. ಅಂದರೆ ಅಂಗಡಿಯವರು ಮಾಡಬೇಕಾದ ತ್ಯಾಗ ನಾವು ಅಂದುಕೊಂಡಷ್ಟೇನಿಲ್ಲ. ಕಾರ್ಡ್ ನೇತುಹಾಕಿಕೊಳ್ಳಲು ಬಿಡಬೇಕು. ಮೊಟ್ಟೆ ನೋಡಲು ಅರ್ಧ ನಿಮಿಷ ಬಿಡಬೇಕು. ಯಾರು ಯಾವಾಗ ಇರುತ್ತಾರೆ ಅನ್ನುವುದನ್ನು ದಿನಾ ಬದಲಿಸಬಾರದು.

ವಾಲ್‌ಮಾರ್ಟ್‌ನ ಇನ್ನೊಂದು ಕಥೆಯೂ ಇದೆ. ಬಾಗಿಲಲ್ಲಿ ನಿಂತು ನಮಸ್ಕಾರ ಹೇಳುವ ಗ್ರೀಟರ್‌ಗಳು ಇದ್ದರಲ್ಲ, ಅವರಲ್ಲಿ ಅಂಗವಿಕಲರು ಬಹಳ ಜನ. 2019ರಲ್ಲಿ ಸುಮಾರು ಸಾವಿರ ಅಂಗಡಿಗಳಲ್ಲಿ ಆ ಹುದ್ದೆ ತೆಗೆದು ‘ಕಸ್ಟಮರ್ ಹೋಸ್ಟ್’ ಅಂತ ಮಾಡಲು ಹೊರಟರು. ಹೊಸ ಹುದ್ದೆಗೆ 25 ಪೌಂಡ್, ಅಂದರೆ 11 ಕಿಲೋ ಎತ್ತಬೇಕು, ತುಂಬಾ ಹೊತ್ತು ನಿಂತಿರಬೇಕು. ವೀಲ್‌ಚೇರ್‌ನಲ್ಲಿ ಕೂತು ವರ್ಷಗಟ್ಟಲೆ ನಗುತ್ತಾ ಸ್ವಾಗತಿಸಿದವರು ಎಲ್ಲಿಂದ ಎತ್ತಬೇಕು? ಜನ ಗಲಾಟೆ ಮಾಡಿದ ಮೇಲೆ, ಇವರಿಗೆಲ್ಲ ಬೇರೆ ಕೆಲಸ ಹುಡುಕಲು ಪ್ರಯತ್ನಿಸುತ್ತೇವೆ ಅಂದರು. ಇಲ್ಲೂ ಯಾರೋ ಕೆಟ್ಟವರು ಕೂತು ಇವರನ್ನು ಓಡಿಸಬೇಕು ಅಂತ ಯೋಚಿಸಿರಲಿಕ್ಕಿಲ್ಲ. ಯಾವುದೋ ಆಫೀಸಿನಲ್ಲಿ ಹುದ್ದೆಯ ವಿವರದಲ್ಲಿ ಒಂದು ಸಾಲು ಸೇರಿತು, ಅಷ್ಟೇ. ಅದೇ ನನಗೆ ಜಾಸ್ತಿ ಭಯ ಹುಟ್ಟಿಸುವುದು.

ಇಂಗ್ಲೆಂಡಿನದು ಇನ್ನೊಂದು ಥರ. ಮ್ಯಾಂಚೆಸ್ಟರ್ ಹತ್ತಿರ ವೇಟ್‌ರೋಸ್ ಅಂಗಡಿಯಲ್ಲಿ ಆಟಿಸಂ ಇರುವ ಯುವಕನೊಬ್ಬ ಸಂಬಳವಿಲ್ಲದೆ 600 ಗಂಟೆಗೂ ಮೇಲೆ ಶೆಲ್ಫ್ ತುಂಬಿದ್ದ. ಅಲ್ಲಿವರೆಗೆ ಎಲ್ಲ ಚೆನ್ನಾಗಿತ್ತು. ವಾರಕ್ಕೆ ಒಂದೆರಡು ಗಂಟೆಗಾದರೂ ಸಂಬಳ ಕೊಡಬಹುದಾ ಅಂತ ತಾಯಿ ಕೇಳಿದ್ದೇ ತಡ, ಕೆಲಸ ನಿಂತಿತು. 2025ರ ಅಕ್ಟೋಬರ್‌ನಲ್ಲಿ ಇದು ಸುದ್ದಿಯಾಯಿತು. ಎದುರಾಳಿ ಕಂಪನಿ ಆಸ್ಡಾ ಅವನಿಗೆ ಸಂಬಳದ ಕೆಲಸ ಕೊಡಲು ಮುಂದೆ ಬಂತು. ಬಿಟ್ಟಿಯಾಗಿ ಮಾಡುವಾಗ ಬಂದ ಕೆಲಸ ಸಂಬಳ ಕೇಳಿದ ತಕ್ಷಣ ಬರದೇ ಹೋಗುತ್ತಾ? ‘ಹೊತ್ತು ಹೋಗಲಿ ಅಂತ ಬರಲಿ ಬಿಡಿ’ ಅನ್ನುವವರನ್ನು ಕಂಡರೆ ನನಗೆ ಮೈ ಉರಿಯುತ್ತೆ. ಹೊತ್ತು ಕಳೆಯಲು ಯಾರಾದರೂ ಬೀನ್ಸ್ ಡಬ್ಬಿ ಜೋಡಿಸುತ್ತಾರಾ?

ಅಮೆರಿಕದವರೂ ಸಂಬಳದಲ್ಲಿ ಸಾಚಾ ಏನಲ್ಲ. 1938ರ ಕಾರ್ಮಿಕ ಕಾಯ್ದೆಯಲ್ಲಿ 14(ಸಿ) ಅಂತ ಒಂದು ಸೆಕ್ಷನ್ ಇದೆ. ಲೈಸೆನ್ಸ್ ಪಡೆದರೆ ಅಂಗವಿಕಲರಿಗೆ ಕನಿಷ್ಠ ವೇತನಕ್ಕಿಂತ ಕಡಿಮೆ ಕೊಡಬಹುದು. ಅಂಗವೈಕಲ್ಯ ಇಲ್ಲದವರು ಅದೇ ಕೆಲಸವನ್ನು ಎಷ್ಟು ಬೇಗ ಮಾಡುತ್ತಾರೆ ಅಂತ ಗಡಿಯಾರ ಹಿಡಿದು ನೋಡಿ, ಅದಕ್ಕೆ ಹೋಲಿಸಿ ಕೂಲಿ ಕಟ್ಟುತ್ತಾರೆ. ಇದು ನಡೆಯುವುದು ಸೂಪರ್‌ಮಾರ್ಕೆಟ್‌ಗಿಂತ ಜಾಸ್ತಿ ಇಂಥವರಿಗೆಂದೇ ಇರುವ ವರ್ಕ್‌ಶಾಪ್‌ಗಳಲ್ಲಿ. ಇದನ್ನು ನಿಲ್ಲಿಸುವ ಪ್ರಸ್ತಾಪವನ್ನು ಕೇಂದ್ರ ಸರ್ಕಾರ 2024ರ ಡಿಸೆಂಬರ್‌ನಲ್ಲಿ ತಂದು, 2025ರ ಜುಲೈನಲ್ಲಿ ವಾಪಸ್ ತೆಗೆದುಕೊಂಡಿತು. ನಮ್ಮ ಇಲಿನಾಯ್ ರಾಜ್ಯ ಪರವಾಗಿಲ್ಲ. 2029ರ ಕೊನೆಗೆ ಈ ಪದ್ಧತಿ ಮುಗಿಸಬೇಕು ಅಂತ 2025ರ ಜನವರಿಯಲ್ಲಿ ಕಾನೂನೇ ಆಗಿದೆ. ಅಂಗಡಿಯಲ್ಲಿ ಬ್ಯಾಗ್ ತುಂಬುವ ನಮ್ಮ ಹುಡುಗನಿಗೆ ಉಳಿದವರಷ್ಟೇ, ಗಂಟೆಗೆ ಕನಿಷ್ಠ 15 ಡಾಲರ್.

ಆದರೆ ಹದಿನೈದು ಡಾಲರ್ ಬಂತು ಅಂತ ಕುಣಿಯುವ ಹಾಗೂ ಇಲ್ಲ. ಅರೋರಾದ ಬಾಲಾಜಿ ದೇವಸ್ಥಾನದ ಕ್ಯಾಂಟೀನಿನಲ್ಲಿ ಒಬ್ಬರು ಕನ್ನಡದ ತಾಯಿ ಸಿಕ್ಕಿದ್ದರು, ದಾವಣಗೆರೆ ಕಡೆಯವರು. ಮಗ ಇಲ್ಲೇ ಹುಟ್ಟಿದವನು, ಒಂದು ಅಂಗಡಿಯಲ್ಲಿ ಕೆಲಸಕ್ಕಿದ್ದಾನೆ. ಥ್ಯಾಂಕ್ಸ್‌ಗಿವಿಂಗ್ ಸೀಸನ್ನಿಗೆ ಇನ್ನೊಂದು ಶಿಫ್ಟ್ ಮಾಡ್ತಾನಾ ಅಂತ ಮ್ಯಾನೇಜರ್ ಕೇಳಿದರಂತೆ.

“ಅವನು ಹೂಂ ಅಂತ ಕುಣಿದುಬಿಟ್ಟ ಅಕ್ಕ. ನಾನೇ ಬೇಡ ಅಂದೆ. ಮ್ಯಾನೇಜರ್ರು ನನ್ನ ಮುಖ ನೋಡಿದ್ರು, ಇವಳೆಂಥ ತಾಯಿ ಅನ್ನೋ ಹಂಗೆ.”

ಅವರು ಬೇಡ ಅಂದಿದ್ದು ಎಸ್‌ಎಸ್‌ಐ ಲೆಕ್ಕಕ್ಕೆ. ಬಡ ಅಂಗವಿಕಲರಿಗೆ ಕೇಂದ್ರ ಸರ್ಕಾರ ಕೊಡುವ ತಿಂಗಳ ಹಣ ಅದು. ಬೇರೆ ಆದಾಯ ಇಲ್ಲದವರಿಗೆ ದುಡಿದ ಮೊದಲ 85 ಡಾಲರ್ ಬಿಟ್ಟು, ಮುಂದೆ ಪ್ರತಿ 2 ಡಾಲರ್‌ಗೆ 1 ಡಾಲರ್ ಕಡಿಯುತ್ತಾರೆ. ಅದಾದರೂ ಸರಿ ಅನ್ನಬಹುದು. ಇನ್ನೊಂದು ನಿಯಮ ನೋಡಿ: ಅವರ ಹೆಸರಿನಲ್ಲಿ 2,000 ಡಾಲರ್‌ಗಿಂತ ಜಾಸ್ತಿ ಹಣ, ಆಸ್ತಿ ಇರಬಾರದು. ವಾಸದ ಮನೆ, ಒಂದು ಕಾರು, ಇಂಥ ಕೆಲವನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಈ 2,000 ಅನ್ನೋದು 1989ರಿಂದ ಅಲ್ಲಾಡಿಲ್ಲ. 1989ರಲ್ಲಿ ಎರಡು ಸಾವಿರಕ್ಕೆ ಏನು ಬರುತ್ತಿತ್ತು, ಈಗ ಏನು ಬರುತ್ತೆ? ಮಗ ನಿಯತ್ತಾಗಿ ದುಡಿದು ಸಂಬಳ ಖರ್ಚು ಮಾಡದೆ ಇಟ್ಟರೆ ಅದೇ ಅವನಿಗೆ ಮುಳುವು. ಎಸ್‌ಎಸ್‌ಐ ಹೋದರೆ ಅದರ ಜೊತೆ ಬರುವ ಮೆಡಿಕೇಡ್ (ಸರ್ಕಾರದ ಆರೋಗ್ಯ ವಿಮೆ) ಉಳಿಸಿಕೊಳ್ಳಲು ಬೇರೆ ಓಡಾಟ. 2014ರ ಕಾಯ್ದೆಯಿಂದ ಬಂದ, ಅಂಗವಿಕಲರಿಗೆಂದೇ ಇರುವ ಏಬಲ್ ಅನ್ನೋ ಉಳಿತಾಯ ಖಾತೆಯಲ್ಲಿ ಇಟ್ಟರೆ ಒಂದು ಲಕ್ಷ ಡಾಲರ್‌ವರೆಗೆ ಲೆಕ್ಕಕ್ಕೆ ಬರುವುದಿಲ್ಲ. ಆ ತಾಯಿಗೆ ಅದು ಗೊತ್ತಾಗಿದ್ದು ಇನ್ನೊಬ್ಬ ತಾಯಿಯಿಂದ. ಯಾವ ಆಫೀಸಿನವರೂ ಬಾಯಿಬಿಟ್ಟು ಹೇಳಿರಲಿಲ್ಲ.

ಇವರ ಮಗ ಅಮೆರಿಕದ ಪ್ರಜೆ, ಅಷ್ಟಾದರೂ ಇದೆ. ಎಚ್-1ಬಿ ಕೆಲಸದ ವೀಸಾ ಮೇಲೆ ಬಂದವರ ಮಕ್ಕಳ ಪಾಡು ಯಾರಿಗೆ ಹೇಳೋಣ? ಭಾರತದಲ್ಲಿ ಹುಟ್ಟಿ ಇಲ್ಲಿಗೆ ಬಂದ ಮಗುವಿಗೆ ಎಚ್-4, ಅಂದರೆ ಅವಲಂಬಿತರ ವೀಸಾ. ಅದರಲ್ಲಿ ಮಕ್ಕಳು ಸಂಬಳಕ್ಕೆ ದುಡಿಯುವ ಹಾಗಿಲ್ಲ, ಬ್ಯಾಗ್ ತುಂಬುವುದಕ್ಕೂ ಇಲ್ಲ. 21 ತುಂಬಿದ ದಿನ ಎಚ್-4 ಕೂಡ ಮುಗಿಯಿತು. ಮಾತು ಬಾರದ, ಒಂಟಿಯಾಗಿ ಬದುಕಲಾರದ ಮಕ್ಕಳಿಗೂ ಇದೇ ನಿಯಮ. ಗ್ರೀನ್‌ಕಾರ್ಡಿನ ಸಾಲು ಭಾರತದವರಿಗೆ ಎಷ್ಟು ಉದ್ದ ಅಂತ ನಿಮಗೇ ಗೊತ್ತು. ಕನ್ನಡ ಕೂಟಗಳಲ್ಲಿ ಈ ಮಾತು ಯಾಕೆ ಬರುವುದಿಲ್ಲ? ರಾಜ್ಯೋತ್ಸವಕ್ಕೆ ಇಂಥ ಮಕ್ಕಳನ್ನು ವೇದಿಕೆ ಹತ್ತಿಸಿ ಚಪ್ಪಾಳೆ ಹೊಡೆಸುತ್ತೇವೆ. ಒಂದು ಭಾನುವಾರ ಇಮಿಗ್ರೇಷನ್ ವಕೀಲರನ್ನು ಕರೆಸಿ ಕೂರಿಸಿದರೆ ಆ ಅಪ್ಪ ಅಮ್ಮಂದಿರಿಗೆ ಜಾಸ್ತಿ ಉಪಕಾರ ಆಗುತ್ತೆ.

ಊರಿನಲ್ಲಿ ಇದ್ಯಾಕಿಲ್ಲ ಅಂತ ಕೇಳುವವರಿದ್ದಾರೆ. ಇಲ್ಲವೇ ಇಲ್ಲ ಅನ್ನಬೇಡಿ. ಅಂಗವಿಕಲರೇ ನಡೆಸುವ ಮಿಟ್ಟಿ ಕೆಫೆ 2017ರಲ್ಲಿ ಹುಬ್ಬಳ್ಳಿಯಲ್ಲಿ ಶುರುವಾಗಿ 2023ರಲ್ಲಿ ಸುಪ್ರೀಂ ಕೋರ್ಟ್ ಆವರಣದವರೆಗೂ ಹೋಯಿತು. ಅದಕ್ಕೂ ಮುಂಚೆ ನಮ್ಮ ಕಿರಾಣಿ ಅಂಗಡಿಗಳಲ್ಲಿ ಸಾಹುಕಾರರ ತಮ್ಮನೋ ಭಾವಮೈದುನನೋ ಒಬ್ಬ ಮೂಲೆಯಲ್ಲಿ ಕೂತು ಪೊಟ್ಟಣ ಕಟ್ಟುತ್ತಿದ್ದ, ನೀವೂ ನೋಡಿರುತ್ತೀರಿ. ಅವನನ್ನು ಯಾರೂ ತೆಗೆದುಹಾಕುತ್ತಿರಲಿಲ್ಲ. ಸಂಬಳವನ್ನೂ ಯಾರೂ ಕೊಡುತ್ತಿರಲಿಲ್ಲ ಅನ್ನಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 4% ಮೀಸಲಾತಿ ಇದೆ, ಆದರೆ ಅದು ಸರ್ಕಾರಿ ಹುದ್ದೆಗೆ. ಖಾಸಗಿ ಸೂಪರ್‌ಮಾರ್ಕೆಟ್‌ಗಳು ಸಮಾನ ಅವಕಾಶದ ನೀತಿ ಬರೆದು ಪ್ರಕಟಿಸಬೇಕು. ನಿಮ್ಮ ಮನೆ ಹತ್ತಿರದ ಮಾರ್ಟಿನಲ್ಲಿ ಅದನ್ನು ಒಮ್ಮೆ ಕೇಳಿ ನೋಡಿ, ಯಾರು ಹೇಗೆ ಮುಖ ಮಾಡುತ್ತಾರೆ ಅಂತ.

ಇಲಿನಾಯ್‌ನಲ್ಲಿರುವ ಕನ್ನಡದ ಅಪ್ಪ ಅಮ್ಮಂದಿರಿಗೆ ಎರಡು ಮಾತು. ಮಗುವಿಗೆ ಹದಿನಾಲ್ಕೂವರೆ ಆದಾಗ ಶಾಲೆಯ ಐಇಪಿ (ಆ ಮಗುವಿಗೆಂದೇ ಮಾಡುವ ಕಲಿಕೆಯ ಯೋಜನೆ) ಮೀಟಿಂಗ್‌ನಲ್ಲಿ ಮುಂದಿನ ಬದುಕಿನ ಯೋಜನೆ ಮಾಡಲೇಬೇಕು, ಕಾನೂನು ಹಾಗಿದೆ. ಅವತ್ತೇ ಅಂಗಡಿ ಕೆಲಸದ ತರಬೇತಿ ಕೇಳಿ. ಶಾಲೆ ಮುಗಿದ ಮೇಲೆ ಕೇಳಿದರೆ ಜಾಬ್ ಕೋಚ್‌ಗೆ ನೀವೇ ಅಲೆಯಬೇಕು. ಇನ್ನೊಂದು, ರಾಜ್ಯದ ಸೇವೆಗಳಿಗೆ ಕಾಯುವವರ ಪನ್ಸ್ ಅನ್ನೋ ಪಟ್ಟಿಯಲ್ಲಿ ಹೆಸರು ಬರೆಸಿ. ‘ನಮ್ಮ ಮಗು ಇನ್ನೂ ಚಿಕ್ಕದು’ ಅಂತ ಮುಂದೂಡಬೇಡಿ, ವಯಸ್ಕರ ಸೇವೆಗಳಿಗೆ ಜನರನ್ನು ಆರಿಸುವುದೇ ಆ ಪಟ್ಟಿಯಿಂದ. ಬ್ಯಾಗರ್‌ಗಳನ್ನು ಮೆಚ್ಚಿಕೊಂಡವರು ಅಂಗಡಿಯ ಫೀಡ್‌ಬ್ಯಾಕ್ ಫಾರಂನಲ್ಲಿ ಹೆಸರು, ದಿನ, ಹೊತ್ತು ಸಮೇತ ಬರೆಯಿರಿ. ಶಿಫ್ಟ್ ಬದಲಿಸುವ ಮಾತು ಬಂದಾಗ ಹಳೆಯ ಮ್ಯಾನೇಜರ್ ಇರದಿದ್ದರೂ ಆ ಕಾಗದ ಇರುತ್ತೆ. ಏಬಲ್ ಖಾತೆ ತೆರೆದವರು ಯಾರಾದರೂ ಈ ಗ್ರೂಪಿನಲ್ಲಿದ್ದರೆ ನಿಮ್ಮ ಅನುಭವವನ್ನು ಕಾಮೆಂಟಿನಲ್ಲಿ ಬರೆಯಿರಿ, ದಾವಣಗೆರೆಯ ಆ ತಾಯಿಯ ಥರದವರು ಇನ್ನೂ ಇಬ್ಬರು ನನ್ನನ್ನು ಕೇಳಿದ್ದಾರೆ.