ಸೊಂಟಕ್ಕೆ ಕಟ್ಟಿದ ಮೀನು

ಹಾಸನದ ಕಡೆಯ ಕೆರೆಯಲ್ಲಿ ಎಮ್ಮೆಗಳ ಜೊತೆ ಈಜು ಕಲಿತವನು ನಾನು. ಹೆಂಡತಿ ಉಡುಪಿಯವಳು. ಮೀನಿನ ವಿಷಯ ಬಂದರೆ ಮನೆಯಲ್ಲಿ ನನ್ನ ಮಾತಿಗೆ ಬೆಲೆಯೇ ಇಲ್ಲ. ಹಾಗಾಗಿ ಹ್ಯೂಸ್ಟನ್ನಿನ ನಮ್ಮ ಪಕ್ಕದ ಮನೆಯ ಅಜ್ಜ "ಗ್ಯಾಲ್ವೆಸ್ಟನ್ ಕಡಲತೀರಕ್ಕೆ ಟ್ರೌಟ್ ಮೀನು ಹಿಡಿಯೋಕೆ ಬರ್ತೀಯಾ?" ಎಂದು ಕರೆದಾಗ, "ಮಸಾಲೆ ಅರೆದಿಡು" ಅಂತ ಇವಳಿಗೆ ಹೇಳಿಯೇ ಹೊರಟೆ.

ನಾವು ಹಿಡಿಯಲು ಹೊರಟಿದ್ದ ಸ್ಪೆಕಲ್ಡ್ ಟ್ರೌಟ್ ಅಸಲಿಗೆ ಟ್ರೌಟೇ ಅಲ್ಲ ಅನ್ನುವುದು ದಾರಿಯಲ್ಲಿ ಗೊತ್ತಾಯಿತು. ಮೈಮೇಲೆ ಕಪ್ಪು ಚುಕ್ಕೆ ಇದೆ ಅಂತ ಯಾರೋ ಹೆಸರಿಟ್ಟಿದ್ದಾರೆ ಅಷ್ಟೆ. ಅದು ಕ್ರೋಕರ್ ಮೀನಿನ ಬಳಗದ್ದು, ಗಂಡು ಮೀನು ಗೊರಗೊರ ಸದ್ದೂ ಮಾಡುತ್ತದೆ.

ಬೇಸಿಗೆಯ ಬೆಳಗು, ಗಾಳಿ ಕಡಿಮೆ, ನೀರು ಹಸಿರಾಗಿ ತಿಳಿಯಾಗಿತ್ತು. ಇಲ್ಲಿ ದೋಣಿ ಬೇಡ, ಅಲೆಯೊಳಗೆ ನಡೆದೇ ಗಾಳ ಬೀಸಬೇಕು. ತಗ್ಗಿಗೆ ಇಳಿದರೆ ಎದೆಮಟ್ಟ ನೀರು, ಮುಂದಿನ ಮರಳದಿಬ್ಬ ಹತ್ತಿದರೆ ಮೊಣಕಾಲು. ಮೀನು ಓಡಾಡುವುದು ಆ ತಗ್ಗುಗಳಲ್ಲೇ.

"ಹೆಜ್ಜೆ ಎತ್ತಿ ಇಡಬೇಡ, ಕಾಲು ಎಳೆದುಕೊಂಡು ನಡಿ" ಎಂದರು ಅಜ್ಜ. ಮರಳಿನಲ್ಲಿ ತೊರಕೆ ಮೀನು ಹುದುಗಿರುತ್ತದೆ. ಕಾಲು ತಾಗಿದರೆ ಸರಿದು ಹೋಗುತ್ತದೆ, ಮೇಲೆ ಕಾಲಿಟ್ಟರೆ ಬಾಲದ ಮುಳ್ಳು ಚುಚ್ಚುತ್ತದೆ. ಸವೆದ ಚಪ್ಪಲಿಯಲ್ಲಿ ಮದುವೆ ಛತ್ರಕ್ಕೆ ಹೋಗುವವನ ಹಾಗೆ ಸರಸರ ಕಾಲೆಳೆಯುತ್ತಾ ಸಮುದ್ರಕ್ಕೆ ಇಳಿದೆ.

ಮೊದಲ ಬೀಸಿಗೆ ನನ್ನ ಟೋಪಿಯೇ ಸಿಕ್ಕಿತು. ಆಮೇಲೊಂದು ಮೀನು ಕಚ್ಚಿತು. ಖುಷಿಯಲ್ಲಿ ಜಗ್ಗಿದೆ, ಹೋಯಿತು. ಇದರ ಬಾಯಿ ಹಸಿ ಹಪ್ಪಳದಷ್ಟು ಮೆದು, ಜೋರಾಗಿ ಎಳೆದರೆ ಹರಿದೇ ಹೋಗುತ್ತದಂತೆ. ಮುಂದಿನದು ಕೈಗೆ ಬಂತು. ಅಜ್ಜ ಅಳತೆಪಟ್ಟಿ ತೆಗೆದರು: ಹದಿನಾಲ್ಕೂವರೆ ಇಂಚು! ಟೆಕ್ಸಾಸಿನಲ್ಲಿ 15ರಿಂದ 20 ಇಂಚಿನದು, ಅದೂ ದಿನಕ್ಕೆ 3 ಮಾತ್ರ ಇಟ್ಟುಕೊಳ್ಳಬಹುದು. ಅರ್ಧ ಇಂಚಿಗೆ ಯಾರು ನೋಡ್ತಾರೆ ಎಂಬಂತೆ ಸುತ್ತ ನೋಡಿದೆ. ಅಜ್ಜ ನೋಡುತ್ತಿದ್ದರು. ಬಿಟ್ಟೆ.

ಕೊನೆಗೆ ಹದಿನೇಳು ಇಂಚಿನದೊಂದು ಸಿಕ್ಕಿತು. ಹಿಡಿದ ಮೀನನ್ನು ಹಗ್ಗಕ್ಕೆ ಪೋಣಿಸಿ, ಹಗ್ಗವನ್ನು ಸೊಂಟಪಟ್ಟಿಗೆ ಸಿಕ್ಕಿಸಿ ನೀರಲ್ಲೇ ಬಿಡುವುದು ಇಲ್ಲಿನ ರೂಢಿ. ಅಜ್ಜ ಉದ್ದ ಹಗ್ಗ ಕೊಟ್ಟಿದ್ದರು. ಕಾಲಿಗೆ ಸುತ್ತುತ್ತದೆ ಅಂತ ನಾನೇ ಜಾಣತನ ಮಾಡಿ, ಅದನ್ನು ಸೊಂಟಕ್ಕೆ ನಾಲ್ಕು ಸುತ್ತು ಸುತ್ತಿ ಗಿಡ್ಡ ಮಾಡಿಕೊಂಡೆ. ಉದ್ದ ಯಾಕೆ ಅಂತ ಕೇಳಲೇ ಇಲ್ಲ.

ಸ್ವಲ್ಪ ಹೊತ್ತಿಗೆ ಹಿಂದಿನಿಂದ ಯಾರೋ ಜಗ್ಗಿದರು. ಅಜ್ಜನ ತಮಾಷೆ ಅಂದುಕೊಂಡು ತಿರುಗಿದೆ. ಅಜ್ಜ ಐವತ್ತು ಅಡಿ ದೂರದಲ್ಲಿದ್ದರು. ಇನ್ನೊಂದು ಜಗ್ಗು. ನೀರಿನ ಮೇಲೆ ತ್ರಿಕೋನದ ಈಜುರೆಕ್ಕೆ, ತುದಿಯಲ್ಲಿ ಕಪ್ಪು.

"ಬ್ಲ್ಯಾಕ್‌ಟಿಪ್ ಶಾರ್ಕ್! ಚಿಕ್ಕದೇ, ನಿನ್ನ ಮೀನಿಗೆ ಬಂದಿದೆ, ನಿನಗಲ್ಲ!" ಎಂದು ಅಜ್ಜ ಕೂಗಿದರು. ಮೀನಿಗೂ ನನಗೂ ನಡುವೆ ಇದ್ದದ್ದು ಮೂರು ಅಡಿ. ತೊರಕೆ, ಕಾಲೆಳೆತ ಎಲ್ಲ ಮರೆತು ಮೊಣಕಾಲು ಎದೆಗೆ ತಾಗುವಂತೆ ಓಡಿ ದಡ ಸೇರಿದೆ. ಗಾಳದ ಕೋಲನ್ನು ಅಜ್ಜ ಹುಡುಕಿ ತಂದುಕೊಟ್ಟರು.

ಹಗ್ಗದಲ್ಲಿ ಮೀನಿನ ತಲೆ ಉಳಿದಿತ್ತು. ಬಿಸಾಕಲು ಮನಸ್ಸಾಗದೆ ಐಸ್ ಪೆಟ್ಟಿಗೆಯಲ್ಲಿಟ್ಟು ಮನೆಗೆ ತಂದೆ.

ಇವಳು ಮಿಕ್ಸಿ ನಿಲ್ಲಿಸಿ ಮುಚ್ಚಳ ತೆಗೆದು ನೋಡಿದಳು.

"ಇದೆಂತ ಮಾರಾಯ್ರೆ, ಉಳಿದದ್ದು ಕಾರಲ್ಲೇ ತಿಂದ್ರಾ?"