ಸ್ಪಷ್ಟನೆ: ಒನಕೆ ನಿಲ್ಲೋಕೆ ಗ್ರಹಣ ಬೇಕಿಲ್ಲ

ಗ್ರಹಣ ಬಂತೆಂದರೆ ಸಾಕು, ವಾಟ್ಸಾಪ್‌ನಲ್ಲಿ ಒನಕೆಯ ವಿಡಿಯೊ ಹರಿದಾಡಲು ಶುರು. ತಟ್ಟೆಗೆ ನೀರು ಹಾಕಿ ನಡುವೆ ಒನಕೆ ನಿಲ್ಲಿಸಿರುತ್ತಾರೆ. ಗ್ರಹಣ ಹಿಡಿದಿರುವಾಗ ಮಾತ್ರ ಇದು ನಿಲ್ಲುತ್ತದೆ, ಮಕ್ಕಳಿಗೆ ತೋರಿಸಿ ಅಂತ ಕೆಳಗೊಂದು ಸಾಲು. 2019ರ ಡಿಸೆಂಬರ್ 26ರಂದು ಮಂಗಳೂರು, ಕೊಡಗಿನ ಕಡೆ ಕಂಕಣ ಸೂರ್ಯಗ್ರಹಣ ಕಂಡಾಗಲೂ ಇದೇ ಕತೆ.

ಖಂಡಿತ ತೋರಿಸಿ, ಗ್ರಹಣ ಇಲ್ಲದ ದಿನ. ನಾವು ಸುಮ್ನೆ ಒಂದು ಮಂಗಳವಾರ ನಿಲ್ಲಿಸಿ ನೋಡಿದೆವು. ಮೂರು ಸಲ ಬಿತ್ತು. ನಾಲ್ಕನೇ ಸಲ ಮಗಳು ಉಸಿರು ಬಿಗಿಹಿಡಿದು ಮೆಲ್ಲಗೆ ಕೈಬಿಟ್ಟಳು. ನಿಂತೇಬಿಟ್ಟಿತು! ತಟ್ಟೆಯೂ ಇರಲಿಲ್ಲ, ನೀರೂ ಇರಲಿಲ್ಲ. ಬುಡ ಚಪ್ಪಟೆಯಾಗಿದ್ದು, ಭಾರ ನೇರ ಅದರ ಮೇಲೆ ಬಿದ್ದರೆ ಒನಕೆ ಯಾವತ್ತೂ ನಿಲ್ಲುತ್ತದೆ.

ಸೂರ್ಯ, ಚಂದ್ರ ಒಂದೇ ಕಡೆಯಿಂದ ಎಳೆಯುವುದೇ ಕಾರಣ ಎನ್ನುವವರಿದ್ದಾರೆ. ಹಾಗಿದ್ದರೆ ಪ್ರತಿ ಅಮಾವಾಸ್ಯೆಗೂ ನಿಲ್ಲಬೇಕಲ್ವಾ? ಅವತ್ತೂ ಇಬ್ಬರೂ ಹೆಚ್ಚುಕಡಿಮೆ ಒಂದೇ ದಿಕ್ಕಿನಲ್ಲಿರುತ್ತಾರೆ. ಭೂಮಿ ಸೂರ್ಯನನ್ನು ಸುತ್ತುವ ದಾರಿಗೆ ಹೋಲಿಸಿದರೆ ಚಂದ್ರನ ದಾರಿ ಸುಮಾರು 5 ಡಿಗ್ರಿ ಓರೆ. ಹಾಗಾಗಿ ಬಹಳಷ್ಟು ಸಲ ಅವನ ನೆರಳು ಭೂಮಿಗೆ ತಾಗುವುದಿಲ್ಲ, ಅಷ್ಟೇ. ಕತ್ತಲೆ ಕೋಣೆಯಲ್ಲಿ ಒಂದು ಬಲ್ಬ್ ಹಚ್ಚಿ. ಕಡ್ಡಿಗೆ ಚುಚ್ಚಿದ ನಿಂಬೆಹಣ್ಣೇ ಚಂದ್ರ, ಮಗುವಿನ ತಲೆಯೇ ಭೂಮಿ. ನಿಂಬೆಯನ್ನು ಮೇಲೆತ್ತಿ ಹಿಡಿದರೆ ನೆರಳು ತಲೆಯ ಮೇಲಿಂದ ದಾಟಿಹೋಗುತ್ತದೆ. ಕಣ್ಣಿಗೆ ನೇರ ತಂದರೆ ಗ್ರಹಣ.

ಗ್ರಹಣದ ದಿನ ಒನಕೆ ಮೂಲೆಯಲ್ಲೇ ಇರಲಿ. ರಟ್ಟಿಗೆ ಸೂಜಿಯಿಂದ ತೂತು ಮಾಡಿ, ಸೂರ್ಯನಿಗೆ ಬೆನ್ನು ಹಾಕಿ, ಬಿಳಿ ಹಾಳೆಯ ಮೇಲೆ ಬಿಂಬ ಬೀಳಿಸಿ. ಕಚ್ಚಿದ ದೋಸೆಯ ಹಾಗೆ ಕಾಣುತ್ತದೆ. ಆ ತೂತಿನೊಳಗಿಂದ ಸೂರ್ಯನನ್ನೇ ನೋಡಲು ಮಾತ್ರ ಬಿಡಬೇಡಿ.